ಪಕ್ಕವಾದ್ಯ ಬೇಡದ ಸೊನಾಟಾ

ಅಣ್ಣನಿಗೆ,

"ನಾನಿಲ್ದೆ ಅದೇನ್ ನುಡಿಸ್ತೀಯೋ ನೋಡೇ ಬಿಡ್ತೀನಿ" ಎಂದು ಪಿಯಾನೋ ಮುಚ್ಚಿ ಹೋದೆಯಲ್ಲ, ಆ ಹಟಕ್ಕೇ ಪಿಯಾನೋ ಜೊತೆ ಬೇಡದೆ ಒಂಟಿ ಚೆಲೋಗೆಂದು ಬರೆದ ಸೊನಾಟಾ ಕೃತಿ ಹಿಡಿದೆ. ಕಳೆದ ಶತಮಾನದ್ದು. ಇಂಪೂ ಇಲ್ಲ, ಕರುಣೆಯೂ ಇಲ್ಲ. ಎರಡು ತಿಂಗಳು ತಂತಿಯ ಮೇಲೆ ಬೆರಳು ಸವೆಸಿದ ಮೇಲೆ ಅಮ್ಮ ಅಡುಗೆಮನೆಯಿಂದ, "ಇನ್ನೂ ಶ್ರುತಿ ಮಾಡ್ತಾನೇ ಇದೀಯೇನೇ? ನುಡಿಸೋದು ಯಾವಾಗ?" ಎಂದಳು. ತಲೆ ಚಚ್ಚಿಕೊಂಡೆ.

ನಿನ್ನೆ ಕಾರ್ಯಕ್ರಮ ಮುಗಿಯಿತು. ಒಂದು ಸ್ವರವೂ ತಪ್ಪಲಿಲ್ಲ. ಆದರೆ ಹಾಳು ಅಭ್ಯಾಸ ನೋಡು, ಶುರು ಮಾಡುವ ಮೊದಲು ನೀನು ತಲೆಯಾಡಿಸಲಿ ಎಂದು ಎಡಕ್ಕೆ ತಿರುಗಿ ಕಾದೆ. ಅಲ್ಲಿ ಬರೀ ಪರದೆ. ಇಡೀ ಸಭೆ ನನ್ನ ಜೊತೆ ಕಾಯಿತು.

ನಾನು ಕ್ಷಮೆ ಕೇಳುವುದಿಲ್ಲ, ನೀನೂ ಕೇಳಬೇಡ. ಮುಂದಿನ ತಿಂಗಳಿಗೆ ಇಬ್ಬರೂ ಕೂತು ನುಡಿಸುವಂಥದ್ದು ಏನಾದರೂ ಆರಿಸಿ ಕಳಿಸು. ಸುಲಭದ್ದಿರಲಿ, ಸಾಕಾಗಿದೆ.

ನಿನ್ನ ತಂಗಿ