ಅಕ್ಕನ ಮಗುವಿನ ಬಿಳಿ ಅಂಗಿ

ಪೂಜ್ಯ ಫಾದರ್,

ನಮ್ಮಕ್ಕನ ಮಗುವಿಗೆ ದೀಕ್ಷಾಸ್ನಾನ ಕೊಡುವುದಿಲ್ಲ ಎಂದಿರಲ್ಲ, ಅದು ಅನ್ಯಾಯ. ರಿಜಿಸ್ಟರಿನಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿಡಲಾಗದಂತೆ. "ಮೊದ್ಲು ಅವನನ್ನ ಕರ್ಕೊಂಡು ಬಾಮ್ಮ, ಆಮೇಲೆ ನೋಡೋಣ" ಎಂದು ಎಲ್ಲರೆದುರು ಅಕ್ಕನಿಗೆ ಹೇಳಿದಿರಿ. ಮದುವೆಯಾಗುತ್ತೇನೆಂದು ನಂಬಿಸಿ ಓಡಿಹೋದವನು ಎಲ್ಲಿದ್ದಾನೆಂದು ಗೊತ್ತಿದ್ದರೆ ನಾನೇ ಕೊರಳಪಟ್ಟಿ ಹಿಡಿದು ಎಳೆತರುತ್ತಿದ್ದೆ.

ಪೋಪರ ಬೋಧನೆಯ ಕಿರುಪುಸ್ತಿಕೆಗಳನ್ನು ಪ್ರತಿ ತಿಂಗಳು ಮಡಚಿ ಪಿನ್ನು ಹೊಡೆಯುವವಳು ನಾನು. ಮಡಚುತ್ತಲೇ ಓದುತ್ತೇನೆ. ದೇವರ ಕರುಣೆ ನಮ್ಮ ನಡತೆ ನೇರವಾಗಲಿ ಎಂದು ಕಾಯುವುದಿಲ್ಲ, ನಮಗಿಂತ ಮೊದಲೇ ಬಂದು ನಿಂತಿರುತ್ತದೆ ಎಂದು ಕಳೆದ ತಿಂಗಳ ಪುಸ್ತಿಕೆಯ ನಾಲ್ಕನೇ ಪುಟದಲ್ಲಿದೆ. ಮದುವೆಯಾಗದ ತಾಯಿಯ ಮಗುವನ್ನು ವಾಪಸು ಕಳಿಸುವ ಪಾದ್ರಿಗಳನ್ನು ಪೋಪರು ಖಂಡಿಸಿದ್ದು ಐದನೆಯದರಲ್ಲಿದೆ. ಅದನ್ನು ಮನೆಮನೆಗೆ ಹಂಚಿಸಿದವರು ನೀವು. ಓದಿದವಳು ನಾನೊಬ್ಬಳೇ ಇರಬೇಕು!

ನಮ್ಮ ಚರ್ಚಿನ ಮಕ್ಕಳು ದೀಕ್ಷಾಸ್ನಾನಕ್ಕೆ ತೊಡುವ ಬಿಳಿ ಅಂಗಿಗಳನ್ನು ಹೊಲಿಯುವವಳು ಅಕ್ಕ. ತನ್ನ ಮಗಳಿಗೆಂದು ಹೊಲಿದದ್ದು ಮೂರು ತಿಂಗಳಿಂದ ಪೆಟ್ಟಿಗೆಯಲ್ಲಿದೆ. ಮೊನ್ನೆ ತೊಡಿಸಿ ನೋಡಿದರೆ ತೋಳು ಬಿಗಿ. ಅಕ್ಕ ಅಳಲಿಲ್ಲ. ಹೊಲಿಗೆ ಬಿಚ್ಚಿ ಸಡಿಲಿಸುತ್ತಾ, "ಒಳಗೆ ಮಡಿಸಿಟ್ಟ ಬಟ್ಟೆ ಇಷ್ಟೇ ಕಣೇ, ಇನ್ನೊಂದ್ಸಲ ಬಿಚ್ಚೋಕಾಗಲ್ಲ" ಎಂದಳು.

ಆದ್ದರಿಂದ ನಾವು ಇನ್ನು ಕಾಯುವುದಿಲ್ಲ, ಮಗುವನ್ನು ಎತ್ತಿಕೊಂಡು ಬರುತ್ತೇವೆ. ಮಗುವಿನ ವಿಶ್ವಾಸದ ಹೊಣೆ ಹೊರುವ ಜ್ಞಾನತಾಯಿಯಾಗಿ ನಾನು ನಿಲ್ಲುತ್ತೇನೆ. ತಂದೆಯ ಹೆಸರಿನ ಜಾಗದಲ್ಲಿ ಏನು ಬರೆಯಬೇಕೆಂದು ತೋಚದಿದ್ದರೆ ದೇವರ ಹೆಸರು ಬರೆಯಿರಿ. ದಿನಾ ಅವನನ್ನು ತಂದೆಯೆಂದೇ ಕರೆಯುತ್ತೀರಲ್ಲ. ಬೆಳಿಗ್ಗೆ ಚಳಿ ಇರುತ್ತದೆ, ನೀರು ತುಸು ಬೆಚ್ಚಗಿರಲಿ.

ಇಂತಿ,
ನಿಮ್ಮ ಪುಸ್ತಿಕೆ ಮಡಚುವವಳು

ಈ ಭಾನುವಾರ, ಎಂಟರ ಪೂಜೆ ಮುಗಿದ ಮೇಲೆ, ಒಂಬತ್ತೂಕಾಲಿಗೆ, ದೀಕ್ಷಾಸ್ನಾನದ ತೊಟ್ಟಿಯ ಬಳಿ.