ಖಾದರ್ ಚಾಚಾ ಬರೆದ ಸೊನ್ನೆ

ಚಾಚಾ,

ಕೊಟ್ಟೂರಿನ ನಿಮ್ಮ ರೇಡಿಯೊ ರಿಪೇರಿ ಅಂಗಡಿಯಲ್ಲಿ ಒಂಬತ್ತು ವರ್ಷ ನಿಮ್ಮ ಪಕ್ಕದ ಸ್ಟೂಲಿನ ಮೇಲೆ ಕೂತವನು ಬರೆಯುತ್ತಿದ್ದೇನೆ. ನೀವು ಹೋಗಿ ನಾಲ್ಕು ತಿಂಗಳಾಯಿತು. ನಾವಿಬ್ಬರೂ ಕಟ್ಟಿದ, ದೂರದೂರಿನವರೊಡನೆ ಮಾತಾಡುವ ಹ್ಯಾಮ್ ರೇಡಿಯೊ ಈಗ ನನ್ನ ಮನೆಯಲ್ಲಿದೆ. ಲೈಸೆನ್ಸೂ ಬಂತು. ಆದರೆ ಒಂದು ವಿಷಯ ತಿಳಿಯುತ್ತಿಲ್ಲ, ಕೇಳೋಣವೆಂದರೆ ನೀವು...

ಆಸ್ಪತ್ರೆಗೆ ಹೋಗುವ ಹಿಂದಿನ ದಿನ, ರೇಡಿಯೊ ಅಲೆ ಹುಟ್ಟಿಸುವ ಆಸಿಲೇಟರಿನ ಡಯಲ್ಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಮುಗಿಸಿದಿರಿ. “ಬಸ್ಯಾ, ಇದು ತಪ್ಪಿದ್ರ ನೀ ಎಲ್ಲಿ ಮಾತಾಡಾಕತ್ತಿ ಅಂತ ನಿನಗ ತಿಳಿಯಂಗಿಲ್ಲ, ಸರ್ಕಾರದವ್ರಿಗೆ ತಿಳಿತೈತಿ,” ಎಂದಿರಿ. ರೇಡಿಯೊ ಅಲೆಗಳಲ್ಲಿ ನಮಗೆ ಕೊಟ್ಟಿರುವ ಜಾಗ ಏಳು ಸಾವಿರ ಕಿಲೋಸೈಕಲ್‌ನಿಂದ ಏಳು ಸಾವಿರದ ನೂರರವರೆಗೆ. ಅದರಾಚೆ ಕಾಲಿಟ್ಟರೆ ಲೈಸೆನ್ಸಿಗೇ ಕುತ್ತು.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಿಮ್ಮ ಗುರುತುಗಳನ್ನು ಪರೀಕ್ಷಿಸಲು ಕೂತೆ. ನೂರು ಕಿಲೋಸೈಕಲ್‌ಗೊಮ್ಮೆ ತಪ್ಪದೆ ಸದ್ದು ಕೊಡುವ ಕ್ರಿಸ್ಟಲ್ಲಿನ ಸ್ವರಕ್ಕೆ ಆಸಿಲೇಟರನ್ನು ಹೊಂದಿಸುತ್ತ ಹೋದರೆ ಹೆಡ್‌ಫೋನಿನಲ್ಲಿ ಸೀಟಿ ದಪ್ಪಗಾಗುತ್ತ ಬಂದು ಸುಮ್ಮನಾಗುತ್ತದೆ. ಸುಮ್ಮನಾದ ಜಾಗವೇ ಸರಿಯಾದ ಜಾಗ. ಡಯಲ್ಲಿನ ನಡುವೆ ನೀವು ದುಂಡಗೆ ಒಂದು ಸೊನ್ನೆ ಬರೆದಿದ್ದಿರಿ. ಅದೇ ಏಳು ಸಾವಿರ, ನಮ್ಮ ಗಡಿಯ ಆರಂಭ ಎಂದುಕೊಂಡೆ. ಆದರೆ ಸೀಟಿ ನಿಂತದ್ದು ಸೊನ್ನೆಯ ಮೇಲಲ್ಲ, ಡಯಲ್ಲಿನ ಎಡತುದಿಯಲ್ಲಿ.

ನಿಮ್ಮ ಕಣ್ಣು ತಪ್ಪಿತೇ? ನೀವು ಗುರುತು ತಪ್ಪುವುದೇ? ಕೂಡ್ಲಿಗಿಯ ತಿಪ್ಪೇಸ್ವಾಮಿ ಗೊತ್ತಲ್ಲ, ನಮ್ಮಂತೆಯೇ ಸೆಟ್ಟು ಕಟ್ಟುವವನು. ಅವನಿಗೆ ಹೇಳಿಯೇಬಿಟ್ಟೆ: “ಚಾಚಾಗ ಕೊನಿಗೆ ಕಣ್ಣು ಕಾಣ್ತಿದ್ದಿಲ್ಲ.” ಆಮೇಲೆ ಸ್ಕ್ರೂ ಸಡಿಲಿಸಿ, ಸೊನ್ನೆಯನ್ನು ಸೀಟಿ ನಿಂತ ಜಾಗಕ್ಕೆ ತಿರುಗಿಸಿ ಬಿಗಿದೆ. ಈಗ ಅರ್ಧ ಹಾದಿಯಲ್ಲೇ ಗುರುತುಗಳು ಮುಗಿದುಹೋದವು. ಉಳಿದರ್ಧ ಎಲ್ಲಿ ಹೋಯಿತು?

ಡಯಲ್ಲನ್ನು ಬಿಚ್ಚಿಕೊಂಡು ಚಾಚಿಯ ಹತ್ತಿರ ಹೋದೆ. ಅಕ್ಕಿ ಆರಿಸುತ್ತಿದ್ದರು. ನಿಮ್ಮ ಕಣ್ಣಿನ ವಿಷಯ ಕೇಳಿದೆ. ಡಯಲ್ಲನ್ನು ಬೆಳಕಿಗೆ ಹಿಡಿದು ನೋಡಿದರು.

“ಇದು ಸೊನ್ನಿ ಅಂತ ಯಾರು ಹೇಳಿದ್ರು ನಿನಗ? ಉರ್ದು ಐದು ಇದು. ನಮ್ಮಲ್ಲಿ ಸೊನ್ನಿ ಅಂದ್ರ ಚುಕ್ಕಿ. ಅಗೋ, ಎಡಕ್ಕೈತಿ ನೋಡು.”

ಅಲ್ಲಿ ಚುಕ್ಕಿ ಇತ್ತು. ಪೆನ್ಸಿಲ್ ತಾಗಿದ ಕಲೆ ಎಂದು ನಾನು ಬಿಟ್ಟಿದ್ದೆ. ಬಲತುದಿಯಲ್ಲಿ ಒಂದು ಗೀಟು, ಒಂದು ಚುಕ್ಕಿ: ಹತ್ತು. ಸೊನ್ನೆ, ಐದು, ಹತ್ತು. ಒಂದಕ್ಕೆ ಹತ್ತರಂತೆ ಏಳು ಸಾವಿರ, ಅದರ ಮೇಲೆ ಐವತ್ತು, ನೂರು.

“ದಿನಾ ಪೇಪರ್ ಓದಾಂವಂತ ನೀ, ಇದು ಓದಾಕ ಬರ್ಲಿಲ್ಲ,” ಎಂದು ಚಾಚಿ ಮತ್ತೆ ಅಕ್ಕಿಗೆ ಕೈಹಾಕಿದರು.

ಗಿರಾಕಿಗಳ ಚೀಟಿಯಲ್ಲಿ ನೀವು ಇಂಗ್ಲಿಷ್ ಅಂಕಿ ಬರೆಯುತ್ತಿದ್ದಿರಿ. ನಿಮಗಾಗಿ ಬರೆದುಕೊಳ್ಳುವಾಗ ಯಾವ ಅಂಕಿ ಎಂದು ಒಂಬತ್ತು ವರ್ಷದಲ್ಲಿ ನಾನು ನೋಡಿರಲಿಲ್ಲವೇ? ನೋಡಿಯೂ...

ತಿಪ್ಪೇಸ್ವಾಮಿಗೆ ಹೋಗಿ ನಿಜ ಹೇಳಿದೆ. “ಮೊದ್ಲು ಚಾಚಾನ ಕಣ್ಣು ಹೋಗಿತ್ತು ಅಂದಿ. ಈಗ ನಿಂದ ಹೋಗಿತ್ತು ಅಂತಿ. ಯಾವ್ದರ ಒಂದು ಹೇಳಲೇ,” ಎಂದ.

ಕ್ರಿಸ್ಟಲ್ಲಿನ ಸದ್ದು ಕೇಳಿ ಚುಕ್ಕಿಯನ್ನು ಅದರ ಜಾಗಕ್ಕೆ ತಂದು ಬಿಗಿದಿದ್ದೇನೆ. ಬಲತುದಿಯಲ್ಲೂ ಸೀಟಿ ಸರಿಯಾಗಿ ನಿಲ್ಲುತ್ತದೆ. ನನ್ನ ಗೊಂದಲ ಈಗ ಬೇರೆ. ನೀವು ಬಿಗಿದದ್ದೂ ಇದೇ ಜಾಗದಲ್ಲೋ, ಕೂದಲೆಳೆಯಷ್ಟು ಆಚೀಚೆಯೋ? ಬಿಚ್ಚುವ ಮೊದಲು ನಾನು ಅಳೆದಿಡಲಿಲ್ಲ. ಹಾಗಾಗಿ ಇದು ನಿಮ್ಮ ಕೆಲಸವೋ ನನ್ನದೋ ಹೇಳಲಾರೆ.

ನಿನ್ನೆ ಮಧ್ಯಾಹ್ನ ಮೊದಲ ಉತ್ತರ ಬಂತು, ಚಾಚಾ. ಮಂಗಳೂರಿನ ಒಬ್ಬರು. ನಿಮ್ಮ ಐದರ ಮೇಲೆ ಡಯಲ್ ಇಟ್ಟು ಕರೆದಿದ್ದೆ. ನಾನು ಸರಿಯಾಗಿ ಏಳು ಸಾವಿರದ ಐವತ್ತರಲ್ಲಿದ್ದೇನೆ ಎಂದು ಮೋರ್ಸ್ ಸಂಕೇತದಲ್ಲಿ ಕಳಿಸಿದರು. ಮನೆಯಲ್ಲಿ ಕಟ್ಟಿದ ಸೆಟ್ಟು ಎಂದೆ. ಡಯಲ್ ಹೊಂದಿಸಿದ್ದು ಯಾರು ಎಂದು ಕೇಳಿದರು. ಮೋರ್ಸ್ ಕೀ ಒತ್ತಿ ನಿಮ್ಮ ಹೆಸರು ಕಳಿಸಿದೆ.

ಅವರಿಗೆ ನನ್ನ ಸಲಾಂ ತಿಳಿಸಿ ಎಂದರು. ನೀವಿಲ್ಲ ಎಂದು ನಾನು ಹೇಳಲಿಲ್ಲ. ಸರಿಯೋ ತಪ್ಪೋ, ತಿಳಿಸುತ್ತೇನೆ ಎಂದು ಉತ್ತರ ಕೊಟ್ಟೆ. ತಿಳಿಸಿದ್ದೇನೆ.

ನಿಮ್ಮ
ಬಸವರಾಜ