ಅಪ್ಪೆಮಿಡಿ ಮರಗಳ ಗಾಯ

ಜೂನ್ ೧೨, ಬುಧವಾರ. ಶಿಕಾರಿಪುರ

ಬೆಳಿಗ್ಗೆ ಸರ್ ಅಂಗಿಯ ಗುಂಡಿ ಒಂದು ಕಾಜ ತಪ್ಪಿತ್ತು. ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಹಾಗೆಯೇ ತೋಟಕ್ಕೆ ಹೊರಟರು.

ಶಿವಮೂರ್ತಪ್ಪ ಸರ್ ಜೀವಮಾನವಿಡೀ ಮರಗಳ ಶಿಲೀಂಧ್ರ ರೋಗ ಹುಡುಕಿದವರು. ಈಗ ಕೈ ನಡುಗುತ್ತದೆ, ಮಂಡಿ ಬಗ್ಗುವುದಿಲ್ಲ. ಅವರು ಹೇಳುತ್ತಾರೆ. ನಾನು ಕತ್ತರಿಸುತ್ತೇನೆ, ಬರೆಯುತ್ತೇನೆ. ಕನ್ನಡ ಎಂ.ಎ. ಇದಕ್ಕಾದರೂ ಬಂತು.

ಮಾವಿನ ತೋಟದಲ್ಲಿ ತುದಿ ಒಣಗುವ ರೋಗ. ಎಲೆ ಉದುರುವುದಿಲ್ಲ. ಸುಟ್ಟ ಹಾಗೆ ನೇತಾಡುತ್ತದೆ.

"ನೋಡು ಎಂ.ಎ., ಒಂದು ಮರ ಆದ್ಮೇಲೆ ಚಾಕು ಸ್ಪಿರಿಟ್ಟಲ್ಲಿ ಒರೆಸ್ಬೇಕು. ಹಳಗನ್ನಡ ಮರೆತ್ರೂ ನಡೀತದೆ, ಇದನ್ನ ಮರೀಬೇಡ."

ಅದೇ ದಿನ, ಸಂಜೆ

ಮಧ್ಯಾಹ್ನ ಸೊರಬದ ಕಡೆ. ಹೋಲಿಸಿ ನೋಡಲು ರೋಗವಿಲ್ಲದ ಮರ ಬೇಕಿತ್ತು. ಅಲ್ಲಿನ ವರದಮ್ಮನವರಿಗೆ ಹಳ್ಳದ ದಂಡೆಯಲ್ಲಿ ಆರು ಅಪ್ಪೆಮಿಡಿ ಮರ, ಉಪ್ಪಿನಕಾಯಿ ಮಾವು. ಇಳಿಜಾರು. ಸರ್ ಮೇಲೆ ರಸ್ತೆಯಲ್ಲೇ ಕೂತರು.

ಸ್ಪಿರಿಟ್ ಬಾಟಲಿ ತೆಗೆದೆ. ವರದಮ್ಮ ಮೂಗು ಮುಚ್ಚಿಕೊಂಡರು.

"ಎಂಥದೇ ಅದು, ಸಾರಾಯಿನಾ? ಇವು ಚೌಡಮ್ಮನ ಮರ ಮಾರಾಯ್ತಿ! ಮುಟ್ಟಿಸ್ಬೇಡ. ತಡಿ, ಅರಿಶಿನದ ನೀರು ತರ್ತೀನಿ."

ಇದು ಔಷಧಿ ಅಮ್ಮಾ ಎನ್ನಬಹುದಿತ್ತು. ಬಾಟಲಿ ಚೀಲಕ್ಕೆ ಹಾಕಿದೆ. ಅವರು ತಂಬಿಗೆ ಹಿಡಿದು ನಿಂತರು. ತೋಟದಲ್ಲಿ ಬಳಸಿದ ಚಾಕುವನ್ನು ಆ ನೀರಲ್ಲೇ ತೊಳೆದೆ. ಒಂದೊಂದು ಮರದಿಂದ ಒಂದೊಂದು ತುದಿ.

"ಚಾಕು ಒರೆಸಿದ್ಯಾ?" ಮೇಲೆ ಬಂದಾಗ ಸರ್ ಕೇಳಿದರು.

"ತೊಳೆದೆ ಸರ್."

ಸುಳ್ಳಲ್ಲ.

ಸೆಪ್ಟೆಂಬರ್ ೮

ವರದಮ್ಮನವರ ಫೋನ್. ಒಬ್ಬಳೇ ಹೋಗಿ ಬಂದೆ. ಮೊದಲು ಕತ್ತರಿಸಿದ ಮರದಲ್ಲಿ ಒಂದು ಟೊಂಗೆ ಒಣಗಿದೆ. ಉಳಿದವುಗಳಲ್ಲಿ ಗೇಣು, ಅರ್ಧ ಗೇಣು... ಆರರಲ್ಲೂ ಒಣಗಿದ್ದು ಒಂದೇ ಟೊಂಗೆ. ನಾನು ಕತ್ತರಿಸಿದ್ದು. ಗಾಯದ ಬಾಯಲ್ಲಿ ಕಂದು ಅಂಟು.

ಸರ್‌ಗೆ ಬರೆದುಕೊಟ್ಟೆ: "ಆರೂ ಮರಗಳಲ್ಲಿ ತುದಿ ಒಣಗಿದೆ." ನಾನು ಕತ್ತರಿಸಿದ ಗಾಯದಿಂದ ಎಂದು ಬರೆಯಲಿಲ್ಲ.

ಅಕ್ಟೋಬರ್ ೪, ಶುಕ್ರವಾರ

ಹಳ್ಳದ ಮರಗಳಿಂದ ನಾನು ತಂದ ಒಣ ತುಂಡುಗಳ ಫಲಿತಾಂಶ ಲ್ಯಾಬಿನಿಂದ ಬಂತು. ಸರ್ ಮುಖ ನೋಡಬೇಕಿತ್ತು — ಇಪ್ಪತ್ತು ವರ್ಷ ಕಿರಿಯರಾಗಿದ್ದರು.

"ಅದೇ ಶಿಲೀಂಧ್ರ ಕಣೇ! ತೋಟದಿಂದ ಹಳ್ಳಕ್ಕೆ ಗಾಳೀಲೇ ಹೋಗಿದೆ. ಇಷ್ಟು ದೂರ! ಇದೊಂದು ಬರೆದುಬಿಟ್ರೆ ನಾನಿನ್ನು ಸುಮ್ಮನೆ ಕೂತ್ಕೋತೀನಿ."

ಆಮೇಲೆ ಮೆಲ್ಲಗೆ: "ಆರೂ ಮರ ಕಡಿಸ್ಬೇಕು. ಇಲ್ದಿದ್ರೆ ಹಳ್ಳದ ಮಾವೆಲ್ಲ ಹೋಗ್ತದೆ."

"ಟೊಂಗೆ ಮಾತ್ರ ತೆಗೆದರೆ ಸಾಲದಾ ಸರ್?"

"ಗಾಯದಿಂದ ಹೊಕ್ಕಿದ್ರೆ ಸಾಕಿತ್ತು. ಗೇಣುದ್ದ ಕೆಳಗೆ ಕತ್ತರಿಸಿ ಬೋರ್ಡೋ ಮುಲಾಮು ಹಚ್ಚಿದ್ರೆ ಉಳೀತಿದ್ವು. ಗಾಳೀಲಿ ಬಂದಿದ್ದಕ್ಕೆ ಎಲ್ಲಿ ಅಂತ ಕತ್ತರಿಸ್ತೀಯ?"

ತಲೆ ತಗ್ಗಿಸಿ ಬರೆದುಕೊಂಡೆ.

ಅಕ್ಟೋಬರ್ ೫, ಶನಿವಾರ. ಸೊರಬ

ಕಡಿಸಬೇಕೆಂದು ಹೇಳಿಬರಲು ಸರ್ ನನ್ನನ್ನೇ ಕಳಿಸಿದರು. ಹೇಳಿದೆ. ವರದಮ್ಮನವರ ಮಗ ಧರ್ಮಪ್ಪ ಸೋಮವಾರಕ್ಕೆ ಕೊಡಲಿಯವರನ್ನು ಗೊತ್ತುಮಾಡಿದರು.

ವರದಮ್ಮ ಅಳಲಿಲ್ಲ. ಜಗಲಿಯಲ್ಲಿ ಕೂತಿದ್ದರು.

"ನಂದೇ ತಪ್ಪು ಮಗಾ. ಈ ಸಲ ಮೊದಲ ಜಾಡಿ ಚೌಡಮ್ಮನಿಗೆ ಇಡೋ ಮೊದ್ಲೇ ಉಪ್ಪು ಸರಿ ಆಗಿದ್ಯಾ ಅಂತ ನಾಲಿಗೆಗೆ ಇಟ್ಟೆ. ಮದುವೆಯಾಗಿ ಬಂದಾಗಿಂದ ಹಂಗೆ ಮಾಡಿದ್ದಿಲ್ಲ."

"ಅದರಿಂದ ಅಲ್ಲಮ್ಮಾ..."

"ಮತ್ತೆಂಥದ್ರಿಂದ?"

ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಅವರು ತಪ್ಪುಕಾಣಿಕೆಯೆಂದು ಮೂರು ದಿನದಿಂದ ಒಪ್ಪತ್ತು ಉಣ್ಣುತ್ತಿದ್ದಾರಂತೆ — ಧರ್ಮಪ್ಪ ಹೇಳಿದರು. ವರದಮ್ಮ ಬಸ್ಸಿನವರೆಗೂ ಬಂದು ನನ್ನ ಚೀಲದಲ್ಲಿ ಒಂದು ಬಾಟಲಿ ಉಪ್ಪಿನಕಾಯಿ ಇಟ್ಟರು. "ಇನ್ನು ಸಿಗಲ್ಲಲ್ಲ."

ಅಕ್ಟೋಬರ್ ೬, ಭಾನುವಾರ

ಬೆಳಿಗ್ಗೆ ಬರೆಯಲು ಬಾ ಎಂದಿದ್ದಾರೆ ಸರ್. ಹತ್ತು ಗಂಟೆಗೆ. ಈಗ ಒಂಬತ್ತೂವರೆ.

ಅವರ ಮುಖ ಹೇಗಾಗುತ್ತದೋ. ನನ್ನನ್ನು ಮತ್ತೆ ಕರೆಯುವುದಿಲ್ಲ. ಇರಲಿ. ಇವತ್ತೇ ಧರ್ಮಪ್ಪನವರಿಗೆ ಫೋನ್ ಹೋದರೆ ನಾಳೆ ಕೊಡಲಿ ಬೀಳುವುದಿಲ್ಲ. ವರದಮ್ಮ ಉಣ್ಣುತ್ತಾರೆ.

ಅವರು ಮೊದಲ ಸಾಲು ಹೇಳುವ ಮುಂಚೆಯೇ ಹೇಳುತ್ತೇನೆ. ಸರ್, ಗಾಳಿಯಲ್ಲ. ಆ ದಿನ ನಾನು ಚಾಕು —